ಪ್ಲಾನಪ್ಪನ ಪಾತಾಳಯಾತ್ರೆ

ಪ್ಲಾನಪ್ಪನಿಗೆ ಸಮುದ್ರದ ಪರಿಚಯ ಆದದ್ದು ಎಕ್ಸೆಲ್ ಶೀಟಿನಲ್ಲಿ. ನಿಮ್ಮ ಬಳಗದಲ್ಲಿ ಅವನ ಹೆಸರು ಬೇರೆ ಇರಬಹುದು. ಕಾಶಿಗೆ, ಲಡಾಖಿಗೆ, ಮಾನಸ ಸರೋವರಕ್ಕೆ ಒಂದೊಂದು ವಾಟ್ಸ್ಯಾಪ್ ಗ್ರೂಪು ತೆರೆದು, ಅದರ ಡಿಪಿ ಬದಲಾಯಿಸುತ್ತಲೇ ವರ್ಷ ಕಳೆಯುವವನು ಎಂದರೆ ಗುರುತು ಸಿಕ್ಕೀತು. ಈ ಸಲ ಅವನ ಕಣ್ಣು ಬಿದ್ದಿರುವುದು ಮಧ್ಯ ಅಮೆರಿಕದ ಬೆಲೀಜ್ ದೇಶದ ಗ್ರೇಟ್ ಬ್ಲೂ ಹೋಲ್ ಮೇಲೆ. ಕೆರಿಬಿಯನ್ ಸಮುದ್ರದಲ್ಲಿ, ಹವಳದ ದಿಬ್ಬಗಳ ನಡುವೆ, ಸುಮಾರು 300 ಮೀಟರ್ ಅಗಲದ, 120 ಮೀಟರಿಗೂ ಹೆಚ್ಚು ಆಳದ ದುಂಡನೆಯ ಕಡುನೀಲಿ ಕುಳಿ. ಅಲ್ಲಿ ಸ್ಕೂಬಾ ಡೈವಿಂಗ್ ಮಾಡಬೇಕಂತೆ. ನೀರಿಗಿಳಿದು ಅವನಿಗೆ ಅಭ್ಯಾಸವಿದೆಯೇ ಎಂದು ಮಾತ್ರ ಕೇಳಬೇಡಿ. ಬಕೆಟ್ಟು, ಚೊಂಬು, ಅಲ್ಲಿಗೆ ಮುಗಿಯಿತು.

ಆದರೆ ಜ್ಞಾನಕ್ಕೆ ಕೊರತೆಯಿಲ್ಲ. ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚಿದ ಕೂಡಲೇ ಹಿಮಯುಗ ಶುರುವಾಗುತ್ತದೆ. ಆಗ ಸಮುದ್ರ ಎಷ್ಟೋ ಕೆಳಗಿತ್ತು, ಇದು ಒಣನೆಲದ ಸುಣ್ಣದಕಲ್ಲಿನ ಗುಹೆಯಾಗಿತ್ತು, ಚಾವಣಿ ಕುಸಿಯಿತು, ಹಿಮ ಕರಗಿ ನೀರು ನುಗ್ಗಿತು. “ಪುರಾವೆ ಬೇಕಾ? 40 ಮೀಟರ್ ಕೆಳಗೆ ಈಗಲೂ ಕಲ್ಲಿನ ಜೋಲುಕಂಬಗಳಿವೆ. ಹನಿ ತೊಟ್ಟಿಕ್ಕಿ ಬೆಳೆಯೋ ಕಂಬ ನೀರೊಳಗೆ ಹೇಗಪ್ಪಾ ಬೆಳೆಯುತ್ತೆ?” ಎದುರು ಕೂತವನ ಕೈಯಲ್ಲಿ ಚಪಾತಿ ಹಾಗೇ ನಿಂತಿರುತ್ತದೆ. 1971ರಲ್ಲಿ ಕ್ಯಾಲಿಪ್ಸೊ ಹಡಗಿನಲ್ಲಿ ಬಂದು ಈ ಕುಳಿಯನ್ನು ಜಗತ್ತಿಗೆ ತೋರಿಸಿದ ಜಾಕ್ ಕುಸ್ಟೋ ಅವನ ಬಾಯಲ್ಲಿ “ನಮ್ಮ ಕುಸ್ಟೋ”. ಸುಮಾರು 90 ಮೀಟರ್ ಆದಮೇಲೆ ಹೈಡ್ರೋಜನ್ ಸಲ್ಫೈಡಿನ ಪದರ, ಅದರಡಿ ಜೀವವೇ ಇಲ್ಲ ಎನ್ನುವಾಗ ಅವನ ದನಿ ಗರುಡಪುರಾಣಕ್ಕೆ ಇಳಿಯುತ್ತದೆ. 2018ರಲ್ಲಿ ಜಲಾಂತರ್ಗಾಮಿಯಲ್ಲಿ ತಳ ಮುಟ್ಟಿದವರಿಗೆ ಅಲ್ಲೂ ಪ್ಲಾಸ್ಟಿಕ್ ಬಾಟಲಿ ಕಂಡಿತು. ಟಿಕೆಟ್ಟು ವೀಸಾ ಏನೂ ಇಲ್ಲದೆ ಬಾಟಲಿ ತನಗಿಂತ ಮುಂಚೆ ತಲುಪಿಬಿಟ್ಟಿತಲ್ಲ ಎಂಬ ನೋವು ಅವನಿಗೆ ಇನ್ನೂ ಹೋಗಿಲ್ಲ.

ವೀಸಾ ಎಂದೆನಲ್ಲ, ಅದಕ್ಕೊಂದು ಪ್ರತ್ಯೇಕ ಶೀಟೇ ಇದೆ. ಭಾರತದಿಂದ ನೇರ ವಿಮಾನವಿಲ್ಲ. ಅಮೆರಿಕದ ಮೇಲೆ ಹೋದರೆ ಬರೀ ವಿಮಾನ ಬದಲಿಸುವುದಕ್ಕೂ ಅವರ ವೀಸಾ ಬೇಕು. ಮುಂದಿನ ಶೀಟು ಪಂಚಾಂಗ. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತದ ಕಾಲ, ಕೆಂಪು ಬಣ್ಣ. ಆಮೇಲೆ ಧನುರ್ಮಾಸ, ಶುಭಕಾರ್ಯಕ್ಕೆ ಆಗದು. “ಮುಳುಗೋದು ಶುಭಕಾರ್ಯವಾ?” ಎಂದು ಹೆಂಡತಿ ಕೇಳಿದ್ದು ರಿಮಾರ್ಕ್ಸ್ ಕಾಲಂನಲ್ಲಿ ದಾಖಲಾಗಿದೆ. ಸಂಕ್ರಾಂತಿ ಕಳೆದರೆ ಮದುವೆಗಳ ಸಾಲು, ಮಾರ್ಚಿಗೆ ಮಗಳ ಪಿಯು ಪರೀಕ್ಷೆ, ಅದರ ಬೆನ್ನಿಗೆ ಸಿಇಟಿ, ಮೇ ತಿಂಗಳಲ್ಲಿ ಊರ ತೇರು.

ಹಾಗೂ ಹೀಗೂ ಹೋದರೂ ಎಷ್ಟು ಹೊತ್ತು ನೋಡಬಹುದು? ಜೋಲುಕಂಬದ ಆಳದಲ್ಲಿ ಎಂಟು ನಿಮಿಷ. ಅಲ್ಲಿ ಒತ್ತಡ ಮೇಲಿನ ಐದರಷ್ಟು, ಸಿಲಿಂಡರಿನ ಗಾಳಿಯೂ ಐದರಷ್ಟು ಬೇಗ ಖಾಲಿ. 30 ಮೀಟರ್ ದಾಟಿದರೆ ಸಾರಜನಕವೇ ಅಮಲೇರಿಸುತ್ತದಂತೆ. ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟದ ಪ್ಲಾನಪ್ಪ ಇದನ್ನು ವಿವರಿಸುವಾಗ ಸಣ್ಣಗೆ ತೊದಲುವುದನ್ನು ನಾನೇ ಕೇಳಿದ್ದೇನೆ. ಎಂಟು ನಿಮಿಷಕ್ಕೆ ಇಷ್ಟು ವರ್ಷದ ತಯಾರಿಯೇ ಎಂದು ನಗುವವರು ನಗಲಿ, ನನ್ನ ಓಟು ಅವನಿಗೇ. ಅಲ್ಲಿ ಮುಳುಗಿ ಬಂದವರೂ ಅಷ್ಟು ಹೊತ್ತು ಖುಷಿಪಟ್ಟಿರಲಾರರು.

ಅಡಚಣೆ ಒಂದೇ. ಮೊದಲ ಕೋರ್ಸ್ ಮುಗಿಸಿದವರಿಗೆ 18 ಮೀಟರ್, ಮೇಲಿನದಕ್ಕೆ 30, ಅದಕ್ಕೂ ಮೇಲಿನದಕ್ಕೆ 40. ಈಜು ಬಾರದವನಿಗೆ ಮೊದಲ ಕೋರ್ಸೇ ಇಲ್ಲ. ಆದರೆ ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಈಜು ಬಾರದವರನ್ನೂ ಕೈಹಿಡಿದು ಸ್ವಲ್ಪ ಆಳಕ್ಕೆ ಇಳಿಸುತ್ತಾರೆ. “ಫೇಸ್ ಒನ್” ಎಂದು ಘೋಷಿಸಿ ಹೊರಟೇಬಿಟ್ಟ. ದೇವರ ದರ್ಶನಕ್ಕಾಗುತ್ತದೆಂದು ಹೆಂಡತಿಯೂ ಜೊತೆಗೆ.

ದೋಣಿ ದಡ ಬಿಟ್ಟು ಅರ್ಧ ಗಂಟೆಯೊಳಗೆ ಪ್ಲಾನಪ್ಪ ಬೆಳಗಿನ ಉಪ್ಪಿಟ್ಟನ್ನು ಸಮುದ್ರರಾಜನಿಗೆ ಒಪ್ಪಿಸಿ ಅಡ್ಡ ಮಲಗಿದ. ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ ಎಂದರು ದೋಣಿಯ ಹುಡುಗರು. “ಸುಮ್ಮನೆ ಹಾಳಾಗುತ್ತಲ್ಲ” ಎಂದು ಹೆಂಡತಿ ಫಾರಂ ತುಂಬಿ, ಮಾಸ್ಕ್ ಏರಿಸಿ, ಇಳಿದೇಬಿಟ್ಟಳು.

ಮೇಲೆ ಬಂದಾಗ ಅವನು ಮಲಗಿದಲ್ಲಿಂದಲೇ ಕೇಳಿದ: “ಎಷ್ಟು ಮೀಟರ್ ಹೋದೆ? ಪ್ರೆಷರ್ ಎಷ್ಟಿತ್ತು?”

“ಗಿಳಿಹಸಿರು ಮೀನು ಒಂದಿತ್ತು ರೀ. ಮೂತಿ ಥೇಟ್ ನಿಮ್ಮಣ್ಣನ ಥರ.”

ಸಂಜೆ ಬೆಂಗಳೂರಿನ ಬಸ್ಸು ಹತ್ತಲು ಅವನು ಬಿಡಲಿಲ್ಲ. ಡೈವಿಂಗ್ ಆದಮೇಲೆ ವಿಮಾನ ಹತ್ತಕೂಡದು, ಘಟ್ಟ ಹತ್ತಿದರೂ ಅದೇ ಅಪಾಯ, ಒಂದೇ ಸಲ ಇಳಿದವರಿಗೆ 12 ಗಂಟೆ ಸಾಕು ಅಂತಾರೆ, ನಾನು 18 ಇಟ್ಟುಕೊಂಡಿದ್ದೀನಿ ಎಂದು ಟಿಕೆಟ್ ಕ್ಯಾನ್ಸಲ್ ಮಾಡಿಸಿದ. ದೇವಸ್ಥಾನದ ರಾಜಗೋಪುರದ ಲಿಫ್ಟಿಗೂ ನಿಷೇಧ. ರಾತ್ರಿ ಲಾಡ್ಜಿನಲ್ಲಿ ತಲೆಗೂದಲು ಒಣಗಿಸಿಕೊಳ್ಳುತ್ತ ಆಕೆ ಕೇಳಿದಳು:

“ಆ ಬೆಲೀಜಿಗೆ ಯಾವಾಗ ಹೋಗೋಣ ರೀ? ನಾನಂತೂ ರೆಡಿ.”

ಪ್ಲಾನಪ್ಪ ಲ್ಯಾಪ್‌ಟಾಪ್ ಮುಚ್ಚಿದ. “ಅದು ಬೇಡ. ಪಕ್ಕದ ಮೆಕ್ಸಿಕೋದಲ್ಲಿ ತಾಮ್ ಜಾ ಅಂತ ಇನ್ನೊಂದಿದೆ. 420 ಮೀಟರ್ ಅಳೆದರೂ ತಳ ಸಿಕ್ಕಿಲ್ಲ ಅಂತ 2024ರಲ್ಲಿ ಹೇಳಿದಾರೆ. ಹೋದರೆ ಅಲ್ಲಿಗೇ ಹೋಗಬೇಕು. ಆದರೆ ನೀನೇ ಹೇಳು, ತಳವೇ ಗೊತ್ತಿಲ್ಲದೆ ಬಜೆಟ್ ಹಾಕೋದು ಹೇಗೆ?”