ಹುಬ್ಬಳ್ಳಿ–ಧಾರವಾಡ ಗ್ರ್ಯಾಂಡ್ ಪ್ರಿ: ಒಂದು ಶಾಸ್ತ್ರೀಯ ವಿವೇಚನೆ

ಪ್ರತಿಜ್ಞೆ

ಫಾರ್ಮುಲಾ ಒನ್ ಕಾರುಗಳ ಓಟ ಇನ್ನೂ ಹೆಚ್ಚು ದೇಶಗಳಲ್ಲಿ ನಡೆಯಬೇಕೇ ಎಂಬ ಪ್ರಶ್ನೆ ಪಾಶ್ಚಾತ್ಯ ಪಂಡಿತರನ್ನು ಬಹುಕಾಲದಿಂದ ಕಾಡುತ್ತಿದೆ. ಅವರಿಗೆ ಉತ್ತರ ಹೊಳೆಯದಿರಲು ಕಾರಣ ಸ್ಪಷ್ಟ: ಅವರಲ್ಲಿ ಯಾರೂ ಸಂಜೆ ಆರರ ಹೊತ್ತಿಗೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟವರಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ನೀಗುತ್ತದೆ. ಮಹಾಪ್ರಬಂಧಗಳನ್ನು ಕಡೆತನಕ ಓದುವವರು ಮಾರ್ಗದರ್ಶಕರಲ್ಲಿಯೂ ವಿರಳವಾದ್ದರಿಂದ ಸಿದ್ಧಾಂತವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹೌದು, ಇನ್ನೂ ಎರಡು ದೇಶಗಳಲ್ಲಿ ನಡೆಯಬೇಕು. ಒಂದರ ಹೆಸರು ಹುಬ್ಬಳ್ಳಿ, ಇನ್ನೊಂದರ ಹೆಸರು ಧಾರವಾಡ.

ಅಸಮತೋಲನ ನಿರೂಪಣೆ

ಅನ್ಯಾಯವನ್ನು ಅಳೆಯುವುದಕ್ಕೆ ನಮ್ಮ ರಾಜ್ಯದಲ್ಲಿ ಒಂದು ಶಾಸ್ತ್ರವೇ ಇದೆ. 2002ರಲ್ಲಿ ವರದಿ ಒಪ್ಪಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 175 ತಾಲ್ಲೂಕುಗಳ ನಾಡಿ ಹಿಡಿದು, 114 ಹಿಂದುಳಿದಿವೆ ಎಂದಿತು. ಅವುಗಳೊಳಗೂ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಬರೀ ಹಿಂದುಳಿದವು ಎಂದು ತರತಮ ಮಾಡಿತು. ಮೋಟಾರು ಓಟದ ಜಗತ್ತಿಗೆ ಇಂಥ ಸಮಿತಿ ಒದಗಲಿಲ್ಲ. ಒದಗಿದ್ದರೆ ಏನನ್ನುತ್ತಿತ್ತು, ನೋಡೋಣ.

1950ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಎಂದು ಹೆಸರಿಟ್ಟುಕೊಂಡು ಏಳು ಓಟ ನಡೆದವು. ಆರು ಯುರೋಪಿನಲ್ಲಿ, ಏಳನೆಯದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ. ಅಷ್ಟಕ್ಕೇ ‘ವಿಶ್ವ’. 2025ಕ್ಕೆ ಬಂದರೆ 24 ಓಟ, 21 ದೇಶ. ಮೇಲ್ನೋಟಕ್ಕೆ ಸಾಮಾಜಿಕ ನ್ಯಾಯ. ಒಳಗೆ ಇಣುಕಿದರೆ ಅಮೆರಿಕಕ್ಕೆ ಮೂರು, ಇಟಲಿಗೆ ಎರಡು; ಬಹರೇನ್, ಸೌದಿ, ಕತಾರ್, ಅಬುಧಾಬಿ ಎಂದು ಅರಬರ ಮರಳಿಗೆ ನಾಲ್ಕು. ಆಫ್ರಿಕಕ್ಕೆ ಸೊನ್ನೆ. ದಕ್ಷಿಣ ಆಫ್ರಿಕದ ಕ್ಯಾಲಾಮಿಯಲ್ಲಿ 1993ರಲ್ಲಿ ಓಡಿದ್ದೇ ಕಡೆ. ಒಂದು ಖಂಡಕ್ಕೆ ಖಂಡವೇ ‘ಅತ್ಯಂತ ಹಿಂದುಳಿದ ತಾಲ್ಲೂಕು’!

ನಂಜುಂಡಪ್ಪನವರು ಶಾಲೆ, ಆಸ್ಪತ್ರೆ, ರಸ್ತೆ ಎಂದು ಹಲವು ಸೂಚ್ಯಂಕ ಹಿಡಿದು ಕಷ್ಟಪಟ್ಟರು. ಮೋಟಾರು ಓಟಕ್ಕೆ ಒಂದೇ ಸೂಚ್ಯಂಕ ಸಾಕು: ಆತಿಥ್ಯದ ಶುಲ್ಕ ಎಷ್ಟು ಎಣಿಸುತ್ತೀರಿ? ಅದರಲ್ಲಿಯೂ ಹಳೆಯ ಮನೆತನಗಳಿಗೆ ರಿಯಾಯಿತಿ ಉಂಟು. ಮೊನಾಕೊ ಎಂಬುದು ಎರಡು ಚದರ ಕಿಲೋಮೀಟರಿನ ಸಂಸ್ಥಾನ. ಹುಬ್ಬಳ್ಳಿ–ಧಾರವಾಡ ಪಾಲಿಕೆಯ ವಿಸ್ತೀರ್ಣ ಸುಮಾರು 200. ತ್ರೈರಾಶಿಕ ಹಾಕಿದರೆ ನಮಗೆ ನ್ಯಾಯವಾಗಿ ನೂರು ಗ್ರ್ಯಾಂಡ್ ಪ್ರಿ ಸಲ್ಲಬೇಕು. ನಾವು ಎರಡಕ್ಕೆ ಒಪ್ಪಿರುವುದು ಉತ್ತರ ಕರ್ನಾಟಕದ ಜನರ ಸ್ವಭಾವಸಿದ್ಧ ಔದಾರ್ಯದಿಂದ.

ದೇಶಲಕ್ಷಣ

‘ಅಲ್ರೀ, ಹುಬ್ಬಳ್ಳಿ ದೇಶ ಹೆಂಗಾಗ್ತದ?’ ಎಂದು ಲೈನ್ ಬಜಾರಿನ ಕಟ್ಟೆಯ ಮೇಲಿನ ಪೂರ್ವಪಕ್ಷಿ ಕೇಳಬಹುದು. ಇತಿಹಾಸ ತಿಳಿಯದ ಪ್ರಶ್ನೆ ಇದು. 1981ರಿಂದ 2006ರವರೆಗೆ ಸ್ಯಾನ್ ಮರಿನೊ ಗ್ರ್ಯಾಂಡ್ ಪ್ರಿ ನಡೆದದ್ದು ಸ್ಯಾನ್ ಮರಿನೊದಲ್ಲಿ ಅಲ್ಲ, ಇಟಲಿಯ ಇಮೊಲಾದಲ್ಲಿ. ಇಟಲಿಯ ಹೆಸರನ್ನು ಮೊಂಜಾ ಮೊದಲೇ ಉಟ್ಟುಕೊಂಡಿತ್ತು, ಹಾಗಾಗಿ ಪಕ್ಕದ ಪುಟ್ಟ ಗಣರಾಜ್ಯದ ಹೆಸರನ್ನು ಎರವಲು ತಂದರು. 1997, 98ರಲ್ಲಿ ಲಕ್ಸೆಂಬರ್ಗ್ ಗ್ರ್ಯಾಂಡ್ ಪ್ರಿ ಓಡಿದ್ದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ. 1955ರ ಲ ಮಾನ್ ದುರಂತದ ಮೇಲೆ ಸ್ವಿಟ್ಜರ್ಲೆಂಡ್ ಇಂಥ ಓಟಗಳನ್ನೇ ನಿಷೇಧಿಸಿದ್ದರಿಂದ 1982ರ ಸ್ವಿಸ್ ಗ್ರ್ಯಾಂಡ್ ಪ್ರಿಯನ್ನು ಫ್ರಾನ್ಸಿನ ದಿಜೋನ್‌ನಲ್ಲಿ ಮುಗಿಸಿದರು. ಆದ್ದರಿಂದ ಈ ಶಾಸ್ತ್ರದಲ್ಲಿ ದೇಶವೆಂದರೆ ಫಲಕದ ಮೇಲೆ ಬರೆಯಬಹುದಾದ ಹೆಸರು. ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳಿಲ್ಲ.

ಈ ಲಕ್ಷಣದ ಪ್ರಕಾರ ನಮ್ಮವು ದೇಶಗಳಾಗಲು ಅಗತ್ಯಕ್ಕಿಂತ ಹೆಚ್ಚು ಅರ್ಹವಾಗಿವೆ. 1962ರಲ್ಲಿ ಎರಡನ್ನೂ ಸೇರಿಸಿ ಒಂದು ಪಾಲಿಕೆ ಮಾಡಿದರು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಕೊಡಲು ಸಚಿವ ಸಂಪುಟ ಒಪ್ಪಿತು. ನಡುವಿನ ಆರು ದಶಕ ಹುಬ್ಬಳ್ಳಿಯವರು ಧಾರವಾಡದವರನ್ನು ಮಧ್ಯಾಹ್ನ ಮಲಗುವವರೆಂದೂ, ಧಾರವಾಡದವರು ಹುಬ್ಬಳ್ಳಿಯವರನ್ನು ಮಲಗಿದಾಗಲೂ ಲೆಕ್ಕ ಮಾಡುವವರೆಂದೂ ತಿಳಿದು ಸುಖವಾಗಿ ಬಾಳಿದರು. ಒಂದು ಊರಲ್ಲಿ ಹತ್ತಿ, ಗಿರಣಿ, ರೈಲು. ಇನ್ನೊಂದರಲ್ಲಿ ವಿಶ್ವವಿದ್ಯಾಲಯ, ಮಳೆ, ಪೇಡೆ. ಯುರೋಪಿನಲ್ಲಿ ಇಷ್ಟು ವ್ಯತ್ಯಾಸವಿಲ್ಲದ ರಾಷ್ಟ್ರಗಳು ಬೇರೆ ಬೇರೆ ರಾಯಭಾರಿಗಳನ್ನು ಇಟ್ಟುಕೊಂಡಿವೆ.

ಪಥನಿರ್ಣಯ

ಟ್ರ್ಯಾಕು ಕಟ್ಟಲು ಹಣ ಬೇಕೆಂಬುದು ಅಜ್ಞಾನ. ಟ್ರ್ಯಾಕು ಸಿದ್ಧವಿದೆ, ನಡುವೆ ಬೇಲಿಯೂ ಇದೆ. 2020ರ ಫೆಬ್ರುವರಿ 2ರಂದು ಆಗಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಅವರು ವಿಧ್ಯುಕ್ತವಾಗಿ ಉದ್ಘಾಟಿಸಿದ ಬಿಆರ್‌ಟಿಎಸ್ ಪಥವೇ ಅದು. ಉದ್ದ ಸುಮಾರು 22 ಕಿಲೋಮೀಟರ್. ಅದರಲ್ಲಿ ಓಡುವ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟವರಿಗೆ ಈ ಪ್ರಬಂಧದ ಮುನ್ಸೂಚನೆ ಸಿಕ್ಕಿದ್ದಿರಬೇಕು.

‘22 ಕಿಲೋಮೀಟರ್ ಬಾಳ ಆತು’ ಎನ್ನುವವರು ಇದನ್ನು ಗಮನಿಸಲಿ: 1976ರವರೆಗೆ ಜರ್ಮನಿಯವರು ಓಡಿಸುತ್ತಿದ್ದ ಹಳೆಯ ನ್ಯೂರ್‌ಬರ್ಗ್‌ರಿಂಗ್‌ನ ಒಂದು ಸುತ್ತು 22.8 ಕಿಲೋಮೀಟರ್. 1957ರಲ್ಲಿ ಇಟಲಿಯ ಪೆಸ್ಕಾರಾದಲ್ಲಿ ಹಳ್ಳಿಗಳ ನಡುವಿನ ಸಾರ್ವಜನಿಕ ರಸ್ತೆಯಲ್ಲಿಯೇ 25.8 ಕಿಲೋಮೀಟರಿನ ಸುತ್ತು ಹಾಕಿ ಸ್ಟರ್ಲಿಂಗ್ ಮಾಸ್ ಗೆದ್ದರು. ನಮ್ಮದು ಹೋಗಿ ಬರಲು 44. ನಿಯಮದಂತೆ ಓಟ 305 ಕಿಲೋಮೀಟರ್ ದಾಟಬೇಕು. ಏಳು ಸಲ ಹೋಗಿ ಬಂದರೆ 308. ಹುಬ್ಬಳ್ಳಿಯಲ್ಲಿ ಮನೆ, ಧಾರವಾಡದಲ್ಲಿ ನೌಕರಿ ಇರುವ ಯಾವ ಗುಮಾಸ್ತನೂ ಒಂದು ವಾರ ಮುಗಿಯುವುದರೊಳಗೆ ಹೆಚ್ಚುಕಡಿಮೆ ಒಂದು ಗ್ರ್ಯಾಂಡ್ ಪ್ರಿ ಪೂರೈಸಿರುತ್ತಾನೆ. ಅವನಿಗೆ ಯಾರೂ ಕಪ್ಪು ಬಿಳುಪು ಚೌಕಳಿ ಬಾವುಟ ಬೀಸಿಲ್ಲ, ಅಷ್ಟೇ.

ಚೆನ್ನಮ್ಮ ವೃತ್ತದಿಂದ ಹೊಸೂರು, ವಿದ್ಯಾನಗರ, ಉಣಕಲ್ ಕೆರೆಯ ದಂಡೆ, ನವನಗರ, ನವಲೂರು, ಟೋಲ್ ನಾಕಾ, ಜ್ಯುಬಿಲಿ ವೃತ್ತ ಎಂದು ಹೋಗುವ ಈ ಹಾದಿಯ ವಿಶೇಷ ಹಿಂದಿಕ್ಕುವಿಕೆ. ಮೊನಾಕೊದಲ್ಲಿ 2024ರಲ್ಲಿ ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲಿಯೇ ಬಂದು ಮುಟ್ಟಿದರು. ನಾವು ಇದನ್ನು ಮೆರವಣಿಗೆ ಎನ್ನುತ್ತೇವೆ. ಅದಕ್ಕೆ ಜಗ್ಗಲಿಗಿ ಬಾರಿಸುವವರೂ ಇರುತ್ತಾರೆ. ಇಲ್ಲಿ ನಡುಪಥದಲ್ಲಿ ಚಿಗರಿ, ಹೊರಪಥದಲ್ಲಿ ವರಕವಿಯ ಹೆಸರು ಹೊತ್ತ ಬೇಂದ್ರೆ ನಗರ ಸಾರಿಗೆಯ ಬಸ್ಸು, ಇವೆರಡರ ನಡುವೆ ಇಲ್ಲದ ಜಾಗದಲ್ಲಿ ಆಟೊ. ಬಸ್ಸಿಗೆ ಕವಿಯ ಹೆಸರಿಟ್ಟು ಪೈಪೋಟಿಗೆ ಇಳಿಸಿದ ಇನ್ನೊಂದು ಊರು ಭೂಗೋಳದಲ್ಲಿದ್ದರೆ ಪ್ರಬಂಧಕಾರನು ಪದವಿಯನ್ನು ಹಿಂದಿರುಗಿಸಲು ಸಿದ್ಧ.

ಟೈರು ಬದಲಿಸುವ ಪಿಟ್ ಲೇನಿಗೆ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮನ್ನು ಸೂಚಿಸಲಾಗಿದೆ. 1,507 ಮೀಟರ್, ಜಗತ್ತಿನಲ್ಲಿಯೇ ಉದ್ದದ್ದು. ಪಿಟ್‌ನ 80 ಕಿಲೋಮೀಟರ್ ವೇಗಮಿತಿಯಲ್ಲಿ ಅದನ್ನು ದಾಟಲು 68 ಸೆಕೆಂಡು. ಮೆಕ್‌ಲಾರೆನ್ ತಂಡ 2023ರಲ್ಲಿ ಕತಾರಿನಲ್ಲಿ ನಾಲ್ಕೂ ಟೈರು ಬದಲಿಸಿದ್ದು 1.8 ಸೆಕೆಂಡಿನಲ್ಲಿ, ನಿಜ. ಆದರೆ ಅಲ್ಲಿ ಚಹಾ ಕೊಟ್ಟಿದ್ದರೆಂದು ಯಾವ ವರದಿಯೂ ಹೇಳುವುದಿಲ್ಲ. ಮಳೆಯ ಟೈರಿನ ವಿಷಯ ಬಿಡಿಸಿ ಹೇಳಬೇಕಿಲ್ಲ. ಟೋಲ್ ನಾಕಾ ಬಳಿ ಒಂದು ಜೋರು ಮಳೆಗೆ ನಿಲ್ಲುವ ನೀರನ್ನು ಕಂಡವರು ಟೈರಿನ ಬದಲು ಹುಟ್ಟನ್ನು ಸೂಚಿಸುತ್ತಾರೆ.

ನಾದವಿಚಾರ

ಇದು ಪ್ರಬಂಧದ ಹೃದಯಭಾಗ. 2013ರವರೆಗೆ ಈ ಕಾರುಗಳ ವಿ-8 ಎಂಜಿನ್ನು ನಿಮಿಷಕ್ಕೆ 18,000 ಸುತ್ತು ಸುತ್ತಿ ತಾರಸಪ್ತಕದಲ್ಲಿ ಕಿರುಚುತ್ತಿತ್ತು. 2014ರಲ್ಲಿ ಅದನ್ನು ತೆಗೆದು 1.6 ಲೀಟರಿನ ವಿ-6 ಹೈಬ್ರಿಡ್ ತಂದರು. ಮಿತಿ 15,000ಕ್ಕೆ ಇಳಿಯಿತು, ದನಿ ತಗ್ಗಿತು. ಅಭಿಮಾನಿಗಳು ಅತ್ತರು, ಮೆಲ್ಬರ್ನಿನ ಸಂಘಟಕರು ದೂರು ಕೊಟ್ಟರು. ಆಟದ ಜೀವವೇ ಹೋಯಿತೆಂದು ಇಂಗ್ಲಿಷ್ ಪತ್ರಿಕೆಗಳಲ್ಲಿ ಶೋಕಗೀತೆಗಳು ಬಂದವು.

ಈ ರೋದನಕ್ಕೆ ಹುಬ್ಬಳ್ಳಿಯ ಬಳಿ ಉತ್ತರವಿತ್ತು, ಕೇಳುವವರಿರಲಿಲ್ಲ. ಗಂಗೂಬಾಯಿ ಹಾನಗಲ್ಲರ ಎಳವೆಯ ತೆಳು ದನಿ ಗಂಟಲಿನ ಚಿಕಿತ್ಸೆಯ ನಂತರ ಗಂಡುದನಿಯಷ್ಟು ಗಾಢವಾಯಿತು. ಕಿರಾಣಾ ಘರಾಣೆ ಅದರಿಂದ ಬಡವಾಯಿತೇ? ಪದ್ಮವಿಭೂಷಣದವರೆಗೂ ಬಂದದ್ದು ಆ ಗಾಢ ದನಿಯೇ. ಗಂಗೂಬಾಯಿಯವರ ದೇಶಪಾಂಡೆ ನಗರದ ಓಣಿಯಲ್ಲಿ ನಾಲ್ಕು ದಿನ ಇದ್ದು ಹೋದವರು ಎಂಜಿನ್ನಿನ ದನಿ ಇಳಿಯಿತೆಂದು ಅಳುವುದಿಲ್ಲ. ಅದು ಷಡ್ಜ ಹೇಗೆ ಹಚ್ಚುತ್ತದೆ ಎಂದು ಕಾಯುತ್ತಾರೆ. ಇತ್ತ ಧಾರವಾಡದವರ ಕಿವಿ ಮಲ್ಲಿಕಾರ್ಜುನ ಮನ್ಸೂರರ ಜೈಪುರ–ಅತ್ರೌಲಿ ಗಾಯಕಿಯಲ್ಲಿ ಪಳಗಿದ್ದು. ಎರಡು ರಾಗಗಳನ್ನು ಹೊಸೆದು ಸೇರಿಕೆ ಕಾಣದಂತೆ ಹಾಡುವ ಜೋಡರಾಗ ಆ ಘರಾಣೆಯ ಹೆಮ್ಮೆ. ಪೆಟ್ರೋಲು ಎಲ್ಲಿ ಮುಗಿಯಿತು, ವಿದ್ಯುತ್ತು ಎಲ್ಲಿ ಹತ್ತಿತು ಎಂದು ಹೈಬ್ರಿಡ್ ಎಂಜಿನ್ನಿನಲ್ಲಿ ಕಿವಿಯಿಂದಲೇ ಗುರುತಿಸಬಲ್ಲ ಪ್ರೇಕ್ಷಕರು ಮೊಂಜಾದಲ್ಲಿ ಸಿಗುವುದಿಲ್ಲ, ಮಾಳಮಡ್ಡಿಯಲ್ಲಿ ಸಿಗುತ್ತಾರೆ. ಒಂದೇ ಭಯ: ಏಳು ಸುತ್ತು ಮುಗಿದ ಮೇಲೂ ‘ಇನ್ನೊಮ್ಮೆ ವಿಲಂಬಿತದಾಗ ಆಗಲಿ’ ಎಂದು ಹಿಂದಿನ ಸಾಲಿನಿಂದ ಕೂಗಿದರೆ ತಂಡಗಳು ಏನು ಮಾಡಬೇಕು?

ಪೂರ್ವಪಕ್ಷ ಖಂಡನೆ

ಮೊದಲ ಆಕ್ಷೇಪ: ನಮ್ಮ ದೇಶದಲ್ಲಿ ಒಮ್ಮೆ ಮಾಡಿ ಕೈಬಿಟ್ಟಾಗಿದೆ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ 2011, 12, 13 ಎಂದು ಮೂರು ವರ್ಷ ಓಡಿತು, ಮೂರೂ ಸಲ ಸೆಬಾಸ್ಟಿಯನ್ ವೆಟೆಲ್ ಗೆದ್ದ, ನಿಂತಿತು. ಕಾರಣ ತೆರಿಗೆಯ ಜಗಳ. ಉತ್ತರ ಪ್ರದೇಶ ಸರ್ಕಾರ ಇದು ಕ್ರೀಡೆಯಲ್ಲ, ಮನರಂಜನೆ ಎಂದಿತು. ಹತ್ತು ಮಂದಿ ಹೊರಟ ಸಾಲಿನಲ್ಲಿಯೇ ಬಂದು ಮುಟ್ಟುವುದನ್ನು ಮನರಂಜನೆ ಎಂದ ಅಧಿಕಾರಿಯ ಕಲ್ಪನಾಶಕ್ತಿಗೆ ಸಾಹಿತ್ಯದ ಪ್ರಶಸ್ತಿ ಸಲ್ಲಬೇಕು. ಮುಂದೆ 2017ರಲ್ಲಿ ಸುಪ್ರೀಂ ಕೋರ್ಟು, ಮೂರು ದಿನದ ಓಟವಾದರೂ ಆ ಸರ್ಕ್ಯೂಟು ಓಟದ ವಿದೇಶಿ ಕಂಪನಿಗೆ ಭಾರತದಲ್ಲಿ ‘ಶಾಶ್ವತ ನೆಲೆ’ಯೇ ಆಯಿತು, ಆದಾಯ ತೆರಿಗೆ ಕೊಡಬೇಕು ಎಂದಿತು. ದಿಲ್ಲಿಯವರಿಗೆ ಇದು ಹೊಸ ತತ್ತ್ವವಾಗಿ ಕಂಡಿರಬಹುದು. ತಾತ್ಕಾಲಿಕವೆಂದು ಅಗೆದ ಗುಂಡಿ ಶಾಶ್ವತವಾಗುವ ಊರಿನಲ್ಲಿ ಇದು ಅನುಭವವೇದ್ಯ.

ಎರಡನೆಯದು: ಹಂದಿ, ನಾಯಿ, ದನ ಅಡ್ಡ ಬರುತ್ತವೆ. ಬರಲಿ. ಬುದ್ಧ ಸರ್ಕ್ಯೂಟ್‌ನ ಮೊಟ್ಟಮೊದಲ ಅಭ್ಯಾಸದಲ್ಲಿಯೇ ನಾಯಿಯೊಂದು ಟ್ರ್ಯಾಕಿಗಿಳಿದು ಓಟ ನಿಲ್ಲಿಸಿತ್ತು. ವೇಗ ತಗ್ಗಿಸಲು ಅವರು ಸೇಫ್ಟಿ ಕಾರಿಗೆ ಸಂಬಳ ಕೊಟ್ಟು ಚಾಲಕನನ್ನು ಇಟ್ಟಿದ್ದಾರೆ. ಉಣಕಲ್ ಕ್ರಾಸಿನ ಎಮ್ಮೆ ಉಚಿತ.

ಮೂರನೆಯದು: ಇದು ನಮ್ಮ ಸಂಸ್ಕೃತಿಯಲ್ಲ. ಕಾರಹುಣ್ಣಿಮೆಯ ದಿನ ಕರಿ ಹರಿಯುವುದನ್ನು ನೋಡದವರ ಮಾತಿದು. ಕೆಂದೆತ್ತು ಮುಂದೆ ಬಂದರೆ ಮುಂಗಾರಿ ಪೀಕು ಚಲೋ, ಬಿಳಿಯೆತ್ತು ಬಂದರೆ ಹಿಂಗಾರಿ. ಓಟದ ಫಲಿತಾಂಶದಿಂದ ಒಂದಿಷ್ಟು ಉಪಯೋಗವನ್ನಾದರೂ ಹಿಂಡಿದವರು ನಾವು. ಕೆಂಪು ಫೆರಾರಿ ಗೆದ್ದರೆ ಶೇಂಗಾ ಬಿತ್ತಬಹುದು. 2024, 25ರಲ್ಲಿ ಪಪ್ಪಾಯಿ ಬಣ್ಣದ ಮೆಕ್‌ಲಾರೆನ್ ತಂಡ ಪ್ರಶಸ್ತಿ ಗೆದ್ದಿದೆ; ಅದರ ಫಲವನ್ನು ತೋಟಗಾರಿಕೆ ಇಲಾಖೆ ಹೇಳಬೇಕು.

ಕಡೆಯ ಆಕ್ಷೇಪ ಒಂದೇ ಗಂಭೀರವಾದದ್ದು. ‘ನಳದ ನೀರು ಬರೋ ದಿನ ರೇಸ್ ಇಟ್ರ ನಾ ಬರಂಗಿಲ್ಲ.’ ಇದಕ್ಕೆ ಖಂಡನೆ ಇಲ್ಲ. ಓಟದ ಸಂಸ್ಥೆಯವರು ವೇಳಾಪಟ್ಟಿ ಮಾಡುವಾಗ ನಮ್ಮ ಓಣಿಯ ನೀರಿನವನನ್ನು ಕೇಳಿಯೇ ಮುಂದುವರಿಯಬೇಕು.

ಪ್ರಾಪ್ತಿಮಾರ್ಗ

ಕೇಳಿದರೆ ಕೊಡುತ್ತಾರೆಯೇ? ಕೇಳಿದರೆ ಕೊಡುವುದಿಲ್ಲ, ಬೀದಿಗಿಳಿದರೆ ಕೊಡುತ್ತಾರೆ. ಬೆಂಗಳೂರಿಗೆಂದು ಹೊರಟಿದ್ದ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಲ್ಲಿ ಹುಬ್ಬಳ್ಳಿಯಲ್ಲಿ ಕಾರ್ಯಾರಂಭ ಮಾಡಿದ್ದು ಹಾಗೆ. ಧಾರವಾಡಕ್ಕೆ ಹೈಕೋರ್ಟ್ ಬಂದದ್ದೂ ಹಾಗೆಯೇ: 2008ರಲ್ಲಿ ಸಂಚಾರಿ ಪೀಠ, 2013ರಲ್ಲಿ ಕಾಯಂ. ಅದೇ ಕ್ರಮದಲ್ಲಿ ಮೊದಲು ಒಂದು ಸಂಚಾರಿ ಗ್ರ್ಯಾಂಡ್ ಪ್ರಿ, ಐದು ವರ್ಷ ವಕೀಲರ ಕಲಾಪ ಬಹಿಷ್ಕಾರ, ಆಮೇಲೆ ಕಾಯಂ. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ಗೆದ್ದಿರುವುದು ಸಂತೋಷವೇ. ಆದರೆ ಚಾಲಕನೂ ಬೆಂಗಳೂರಿಗೇ ಎಂಬುದನ್ನು ಮನವಿಪತ್ರದ ಮೊದಲ ಪುಟದಲ್ಲಿಯೇ ಕಾಣಿಸಲಾಗಿದೆ.

ವೇದಿಕೆಯ ಮೇಲೆ ಶಾಂಪೇನ್ ಚಿಮ್ಮಿಸುವ ವಿಧಿಗೂ ಪರಿಹಾರವಿದೆ. ಬಹರೇನಿನಲ್ಲಿ ಮದ್ಯದ ಬದಲು ಗುಲಾಬಿ ನೀರಿನ ಪಾನಕ ಚಿಮ್ಮಿಸುತ್ತಾರೆ. ಇಲ್ಲಿ ಮಜ್ಜಿಗೆ. ಪೇಡೆ ಚಿಮ್ಮುವುದಿಲ್ಲ, ಎಸೆಯಲು ಯಾರಿಗೂ ಮನಸ್ಸಾಗುವುದಿಲ್ಲ.

ನಾಮಕರಣ

ಇಷ್ಟಾದ ಮೇಲೆ ತಕರಾರು ಹುಟ್ಟಿದ್ದು ಹೆಸರಿನಲ್ಲಿ. ಹುಬ್ಬಳ್ಳಿ ಮೊದಲೋ, ಧಾರವಾಡ ಮೊದಲೋ? ಓಟ ಹೊರಡುವುದು ಎಲ್ಲಿಂದ, ಮುಟ್ಟುವುದು ಎಲ್ಲಿ? ಜಿಲ್ಲಾಕೇಂದ್ರ ತಮ್ಮದೆಂದು ಧಾರವಾಡದವರು, ವಿಮಾನ ಇಳಿಯುವುದು ತಮ್ಮಲ್ಲೆಂದು ಹುಬ್ಬಳ್ಳಿಯವರು. ನವಲೂರಿನಲ್ಲಿ ನಡುಗೆರೆ ಎಳೆಯಬಹುದೆಂದರೆ ಅಲ್ಲಿನವರು ತಮ್ಮ ಪೇರಲದ ತೋಟಕ್ಕೆ ಪರಿಹಾರ ಕೇಳುತ್ತಾರೆ.

ಸ್ಯಾನ್ ಮರಿನೊ ನ್ಯಾಯವನ್ನು ಅನುಸರಿಸಿ ಪ್ರಬಂಧಕಾರನ ಶಿಫಾರಸು ಹೀಗಿದೆ: ಓಟ ಹುಬ್ಬಳ್ಳಿ–ಧಾರವಾಡದ ನಡುವೆ ನಡೆಯಲಿ, ಹೆಸರು ‘ಸವಣೂರು ಗ್ರ್ಯಾಂಡ್ ಪ್ರಿ’ ಎಂದಿರಲಿ. ಸವಣೂರು ನವಾಬರ ಸಂಸ್ಥಾನವಾಗಿತ್ತು, ಆದ್ದರಿಂದ ದೇಶವೆನ್ನಲು ಅಡ್ಡಿಯಿಲ್ಲ. ಗೆದ್ದವನಿಗೆ ಕೊಡಲು ಅಲ್ಲಿ ಹೆಸರಾಂತ ವೀಳ್ಯದೆಲೆ ಇದೆ. ಮೇಲಾಗಿ ಅಲ್ಲಿಯ ಕಲ್ಮಠದ ಆವರಣದಲ್ಲಿ ದೊಡ್ಡಹುಣಸೆ ಎಂದು ಜನ ಕರೆಯುವ ದೈತ್ಯ ಬಾವೊಬಾಬ್ ಮರಗಳಿವೆ, ಮೂಲ ಆಫ್ರಿಕದವು. ಅವುಗಳ ನೆರಳಿನಲ್ಲಿ ಎರಡು ಕುರ್ಚಿ ಹಾಕಿ ಕರಾರಿಗೆ ಸಹಿ ಮಾಡಿಸಿಬಿಟ್ಟರೆ 1993ರಿಂದ ಬಾಕಿ ಉಳಿದ ಆಫ್ರಿಕದ ಕೋಟಾವೂ ತುಂಬಿದಂತೆ ದಾಖಲೆಯಲ್ಲಿ ತೋರಿಸಬಹುದು. ಶುಲ್ಕವನ್ನು ಮಾತ್ರ ಎಂದಿನಂತೆ ಮುಂಗಡವಾಗಿ ಕೇಳುತ್ತಾರಂತೆ. ಅದಕ್ಕೆ ಎರಡೂ ಪಾಲಿಕೆಗಳು ಒಂದನ್ನೊಂದು ತೋರಿಸುತ್ತಿವೆ.