ನೇವಿಯಮ್ಮ

ತಿಪಟೂರಿನಲ್ಲಿ ಸಮುದ್ರವಿಲ್ಲವೆಂಬುದು ಭೂಗೋಳದ ಮೊದಲ ಪಾಠವನ್ನೋದಿದ ಬಾಲಕನಿಗೂ ತಿಳಿದ ಸಂಗತಿ; ಆದರೂ ನಮ್ಮ ಬೀದಿಯ ಕೊನೆಯ ಮನೆಯ ಜಗಲಿಯ ಮೇಲೆ ಸಂಜೆ ಐದರ ಹೊತ್ತಿಗೆ ಹೋಗಿ ಕುಳಿತವನಿಗೆ ಆ ಪಾಠದ ವಿಷಯದಲ್ಲಿಯೇ ಸಂದೇಹವುಂಟಾಗದಿರದು. ಕೊಬ್ಬರಿಯ ಧಾರಣೆ, ತೆಂಗಿನ ನುಸಿ, ಕೈಕೊಟ್ಟ ಮಳೆ, ಈ ಮೂರನ್ನುಳಿದು ನಾಲ್ಕನೆಯ ಮಾತನ್ನರಿಯದ ನಮ್ಮ ಊರಿನಲ್ಲಿ, ಆ ಒಂದು ಜಗಲಿಯ ಮೇಲೆ ಮಾತ್ರ ಹಡಗು, ಲಂಗರು, ಕವಾಯತು, ಪೆಟಿ ಆಫೀಸರು ಮುಂತಾದ ಶಬ್ದಗಳು ಹುರಿಯುವ ಕಾಳಿನಂತೆ ಚಟಪಟನೆ ಸಿಡಿಯುತ್ತಿರುತ್ತವೆ. ಆ ಜಗಲಿಯ ಅಧಿದೇವತೆಯ ನಿಜವಾದ ಹೆಸರು ಪಡಿತರ ಚೀಟಿಯಲ್ಲಿ ಇದ್ದೀತು. ಊರಿಗೆಲ್ಲ ಆಕೆ ನೇವಿಯಮ್ಮ.

ಈ ಪದವಿಗೆ ಕಾರಣನಾದವನು ಆಕೆಯ ಮಗ. 2017ರಲ್ಲಿ ಅವನು ನೌಕಾದಳಕ್ಕೆ ನಾವಿಕನಾಗಿ ಆಯ್ಕೆಗೊಂಡು, ತರಬೇತಿಗಾಗಿ ಒಡಿಶಾದ ಐಎನ್‌ಎಸ್ ಚಿಲಿಕಾಕ್ಕೆ ಹೊರಟು ನಿಂತಾಗ, ಐಎನ್‌ಎಸ್ ಎಂದರೆ ಹಡಗೆಂಬುದನ್ನು ಹೇಗೋ ತಿಳಿದುಕೊಂಡಿದ್ದ ಆ ತಾಯಿ, ಮಗನು ರೈಲಿನಿಂದಿಳಿದವನೇ ನೇರವಾಗಿ ನೀರಿನ ಮೇಲೆ ತೇಲತೊಡಗುವನೆಂದು ಭಾವಿಸಿ, ಓಲಾಟಕ್ಕೆ ವಾಂತಿಯಾದೀತೆಂಬ ಮುಂದಾಲೋಚನೆಯಿಂದ, ಉಪ್ಪು ಹಚ್ಚಿ ಒಣಗಿಸಿದ ನಿಂಬೆಹೋಳುಗಳ ಒಂದು ಡಬ್ಬಿಯನ್ನು ಅವನ ಪೆಟ್ಟಿಗೆಯ ತಳದಲ್ಲಿಟ್ಟು ಕಳುಹಿಸಿದರು. ಚಿಲಿಕಾವೆಂಬುದು ತೇಲುವ ಹಡಗೇ ಅಲ್ಲವೆಂದೂ, 1980ರಿಂದ ಚಿಲಿಕಾ ಸರೋವರದ ದಂಡೆಯಲ್ಲಿ ಭದ್ರವಾದ ಬುನಾದಿಯ ಮೇಲೆ ನಿಂತಿರುವ ಠಾಣೆಯೆಂದೂ, ನೌಕಾದಳದವರು ನೆಲದ ಮೇಲಿನ ತಮ್ಮ ಠಾಣೆಗಳಿಗೂ ಹಡಗಿನಂತೆಯೇ ನಾಮಕರಣ ಮಾಡಿ ಹಡಗಿನಂತೆಯೇ ನಡೆಸುವರೆಂದೂ ಆಕೆಗೆ ತಿಳಿದುಬಂದುದು ಎಷ್ಟೋ ವಾರಗಳ ಮೇಲೆ. ಅಲ್ಲಿ ನೆಲಕ್ಕೆ ಡೆಕ್ಕು, ಅಡಿಗೆಮನೆಗೆ ಗ್ಯಾಲಿ. ರಜೆಯ ದಿನ ಗೇಟು ದಾಟಿ ಪೇಟೆಗೆ ಹೋದರೆ ಅದು ‘ದಡಕ್ಕೆ ಹೋದದ್ದು’. ದಡದ ಮೇಲೆಯೇ ಇರುವವನು ದಡಕ್ಕೆ ಹೋಗುವ ಈ ಚಮತ್ಕಾರವನ್ನು ಬಿಡಿಸಿ ಹೇಳಬಲ್ಲವರು ಅದ್ವೈತಿಗಳೇ ಸರಿ. ನೇವಿಯಮ್ಮನವರಾದರೋ ಬಿಡಿಸುವ ಗೋಜಿಗೆ ಹೋಗದೆ ಅದನ್ನು ಆಚರಣೆಗೇ ತಂದುಬಿಟ್ಟರು. ಕೊಬ್ಬರಿ ಮಂಡಿಯಿಂದ ಬಿಸಿಲಲ್ಲಿ ಬೆಂದು ಬರುವ ಯಜಮಾನರಿಗೆ ಇಂದಿಗೂ ಕಾಫಿ ದೊರೆಯುವುದು ಗ್ಯಾಲಿಯಲ್ಲಿ. ಸಾರಿಸಿದ ನೆಲ ಆರುವ ಮುನ್ನ ಅವರು ಕಾಲಿಟ್ಟರೆ ‘ಡೆಕ್ಕೆಲ್ಲ ರಾಡಿ ಮಾಡಿದ್ರಲ್ಲ’ ಎಂಬ ಗದರಿಕೆ.

ಓಡುವುದನ್ನು, ಈಜುವುದನ್ನು, ಹಾಸಿಗೆಯ ಹೊದಿಕೆಯನ್ನು ಸುಕ್ಕಿಲ್ಲದಂತೆ ಎಳೆದು ಹಾಸುವುದನ್ನು ಹುಡುಗನಿಗೆ ಕಲಿಸಲು ನೌಕಾದಳವು ಸಂಬಳ ಕೊಟ್ಟು ಶಿಕ್ಷಕರನ್ನಿಟ್ಟಿದೆ. ನಾವಿಕರ ಮಡದಿಯರ ಕ್ಷೇಮಕ್ಕೆಂದು ಒಂದು ಸಂಘವೂ ಉಂಟು. ಆದರೆ ಹದಿನೆಂಟು ವರ್ಷ ಪ್ರತಿದಿನ ಬೆಳಗ್ಗೆ ‘ಏಳೋ, ಹೊತ್ತಾಯ್ತು’ ಎಂದು ಕೂಗಿ ಕೂಗಿ ಪಳಗಿದ ಬಾಯಿ ಒಂದು ದಿನ ಇದ್ದಕ್ಕಿದ್ದಂತೆ ನಿರುದ್ಯೋಗಿಯಾದಾಗ, ಆ ಬಾಯಿಯ ಒಡತಿಯು ಏನು ಮಾಡತಕ್ಕದ್ದೆಂಬುದನ್ನು ಕಲಿಸುವ ಠಾಣೆ ಎಲ್ಲಿಯೂ ಇಲ್ಲ. ಆ ಕೊರತೆಯನ್ನು ನಮ್ಮ ಊರಿನ ಮಟ್ಟಿಗೆ ತುಂಬಿರುವುದು ಆರು ಅಡಿ ಉದ್ದ, ಮೂರು ಅಡಿ ಅಗಲದ ಆ ಜಗಲಿ.

ಅಲ್ಲಿನ ಶಿಕ್ಷಣವು ಹುಡುಗ ಊರು ಬಿಡುವುದಕ್ಕೆ ಬಹು ಮೊದಲೇ ಆರಂಭವಾಗುತ್ತದೆ. ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನನ್ನು ತಾಯಿ ಕರೆತಂದು ನಿಲ್ಲಿಸಿದೊಡನೆ, ದನದ ಜಾತ್ರೆಯಲ್ಲಿ ಹೋರಿಯ ಬಾಯಿ ಬಿಡಿಸಿ ನೋಡುವ ರೈತನ ಗಾಂಭೀರ್ಯದಿಂದ ನೇವಿಯಮ್ಮನವರು ‘ಎಲ್ಲಿ, ಆ ಅನ್ನಪ್ಪ’ ಎನ್ನುತ್ತಾರೆ. ಹಲ್ಲಿಗೆ ಹದಿನಾಲ್ಕು ಅಂಕ ಬರಬೇಕೆಂಬುದು ನೌಕಾದಳದ ನಿಯಮ. ಮೂವತ್ತೈದು ವರ್ಷ ಅಂಕ ಕೊಟ್ಟೇ ಜೀವನ ಸವೆಸಿದ ನನಗೂ, ಬಾಯಿಯೊಳಗಿನದಕ್ಕೆ ಅಂಕ ಕೊಡಬಹುದೆಂಬ ಕಲ್ಪನೆ ಎಂದೂ ಹೊಳೆದಿರಲಿಲ್ಲ. ಅನಂತರ ಕಿವಿ. ವೈದ್ಯಪರೀಕ್ಷೆಗೆ ಬರುವ ಮುನ್ನ ಕಿವಿಯ ಗುಗ್ಗೆಯನ್ನೂ ಹಲ್ಲಿನ ಪಾಚಿಯನ್ನೂ ತೆಗೆಸಿಕೊಂಡು ಬರುವುದೆಂದು ನೇಮಕಾತಿಯ ಪ್ರಕಟಣೆಯಲ್ಲಿಯೇ ಅಚ್ಚಾಗಿದ್ದುದನ್ನು ಆಕೆ ನನ್ನ ಕೈಯಿಂದಲೇ ಓದಿಸಿದರು. ತಾಯಿ ಹದಿನೆಂಟು ವರ್ಷಗಳಿಂದ ಹೇಳುತ್ತ ಬಂದು ಮಗ ಕಿವಿಗೇ ಹಾಕಿಕೊಳ್ಳದಿದ್ದ ಮಾತನ್ನು ಭಾರತ ಸರ್ಕಾರವು ಕಟ್ಟಕಡೆಗೆ ಲಿಖಿತರೂಪದಲ್ಲಿ ಅನುಮೋದಿಸಿತಲ್ಲಾ ಎಂದು ಅಂದು ಜಗಲಿಯ ಮೇಲಿದ್ದ ತಾಯಂದಿರಿಗಾದ ಸಂತೋಷ ಅಷ್ಟಿಷ್ಟಲ್ಲ. ಕಡೆಯದು ಹಚ್ಚೆ. ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಬದಿಯನ್ನುಳಿದು ಸಾಮಾನ್ಯವಾಗಿ ಬೇರೆಡೆ ಹಚ್ಚೆ ಸಲ್ಲದಾದ್ದರಿಂದ, ನೆಚ್ಚಿನ ನಟನ ಮುಖವನ್ನು ಎದೆಯ ತುಂಬ ಬರೆಸಿಕೊಂಡು ಬಂದಿದ್ದ ಹುಡುಗನೊಬ್ಬನಿಗೆ, ‘ನೀನು ಕೆಲಸ ಕೇಳ್ಕೊಂಡು ಆ ಹೀರೋ ಮನೆಗೇ ಹೋಗಪ್ಪ’ ಎಂದು ಅಪ್ಪಣೆಯಾಯಿತು.

1.6 ಕಿಲೋಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕೆಂಬ ನಿಯಮವನ್ನು ಆಕೆ ಗ್ಯಾಲಿಯ ಪರಿಭಾಷೆಗೆ ಇಳಿಸಿಕೊಂಡಿದ್ದಾರೆ. ಒಲೆಯ ಮೇಲೆ ಕುಕ್ಕರಿನಲ್ಲಿ ಬೇಳೆಯಿಟ್ಟು ಹುಡುಗನನ್ನು ಕೆರೆಯ ಏರಿಯ ಕಡೆಗೆ ಓಡಿಸುವುದು. ಮೂರನೆಯ ಸೀಟಿಯೊಳಗೆ ಮರಳಿ ಬಂದರೆ ನಾವಿಕ, ಇಲ್ಲವಾದರೆ ಬೇಳೆಯೂ ಸೀದಿತು, ಹುಡುಗನೂ ಬೈಸಿಕೊಂಡ. ಹೆಣ್ಣುಮಕ್ಕಳನ್ನೂ ನೌಕಾದಳಕ್ಕೆ ನಾವಿಕರಾಗಿ ತೆಗೆದುಕೊಳ್ಳಲಾರಂಭಿಸಿ, ಅವರಿಗೆ ಅದೇ ದೂರಕ್ಕೆ ಎಂಟು ನಿಮಿಷ ಕೊಟ್ಟಿದ್ದಾರೆಂದು ತಿಳಿದ ದಿನ ಮಾತ್ರ ಆಕೆ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ, ‘ಎರಡು ಕೊಡ ಹೊತ್ಕೊಂಡು ಬಾವಿಯಿಂದ ಮನೆಗೆ ಆರೇ ನಿಮಿಷದಲ್ಲಿ ಬರ್ತಿದ್ವಿ ಮೇಷ್ಟ್ರೆ, ನಮ್ಮನ್ನ ಯಾರು ಕರೆದ್ರು?’ ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹುಡುಗ ಹೊರಟುಹೋದ ಮೇಲೆ ತಾಯಿಯ ತರಬೇತಿ. ಎರಡನೆಯ ವಾರ ಬಂದಿತೆಂದರೆ ಜಗಲಿಗೆ ಯಾರಾದರೊಬ್ಬಳು ಸೆರಗನ್ನು ಕಣ್ಣಿಗೊತ್ತಿಕೊಂಡು ಬಂದೇ ಬರುತ್ತಾಳೆ: ಮಗ ಫೋನಿನಲ್ಲಿ ‘ಅಮ್ಮಾ, ನಾನು ವಾಪಸ್ ಬಂದ್ಬಿಡ್ತೀನಿ’ ಎಂದನಂತೆ. ನೇವಿಯಮ್ಮನವರು ವಿಚಲಿತರಾಗುವುದಿಲ್ಲ. ‘ಅಲ್ಲ ಕಣಮ್ಮ, ಅಟ್ಟಕ್ಕೆ ಹಾಕಿದ ಕಾಯಿನ ಎರಡು ವಾರಕ್ಕೇ ಇಳಿಸಿ ಒಡೆದು ನೋಡ್ತೀಯೇನು? ಹನ್ನೊಂದು ತಿಂಗಳು ಬಿಡ್ತೀಯಲ್ಲ? ಅದು ಅಲ್ಲೇ ಒಣಗಿ, ಚಿಪ್ಪು ಬಿಟ್ಟು, ಒಳಗೇ ಗಡಗಡ ಅಂತ ಅಲ್ಲಾಡಿದ ಮೇಲೆ ತಾನೇ ಉಂಡೆ ಕೊಬ್ಬರಿ?’ ತಿಪಟೂರಿನ ಹೆಂಗಸಿಗೆ ಇದಕ್ಕಿಂತ ಮಿಗಿಲಾದ ಶಾಸ್ತ್ರಪ್ರಮಾಣ ಬೇಕಿಲ್ಲವಾಗಿ ಆಕೆ ಕಣ್ಣೊರೆಸಿಕೊಂಡು ಏಳುತ್ತಾಳೆ. ಈ ಉಪಮಾನದ ಪ್ರಕಾರ ತರಬೇತಿ ಮುಗಿದ ಹುಡುಗನ ತಲೆಯೊಳಗೂ ಗಡಗಡ ಸದ್ದಾಗಬೇಕಾಗುವುದೆಂದು ನಾನೊಮ್ಮೆ ವಿನಯದಿಂದ ಸೂಚಿಸಿದುದಕ್ಕೆ, ‘ಮೇಷ್ಟ್ರೆ, ನೀವು ನಿಮ್ಮ ವ್ಯಾಕರಣ ನೋಡ್ಕಳಿ’ ಎಂಬ ಉತ್ತರ ಬಂದಿತು.

ಮಿಕ್ಕ ವಿಧಿಗಳೂ ಇಷ್ಟೇ ಖಚಿತವಾದವು. ಕೋಡುಬಳೆ ಪಾರ್ಸೆಲು ಕಳುಹಿಸತಕ್ಕದ್ದಲ್ಲ; ಅದು ಮಗನ ಬಾಯಿಗೆ ಸೇರುವುದರೊಳಗೆ ಪಂಜಾಬು, ಬಿಹಾರ, ಕೇರಳಗಳೆಲ್ಲ ಪಾಲು ತೆಗೆದುಕೊಂಡಿರುತ್ತವೆ. ಹತ್ತನೆಯ ವಾರದಲ್ಲಿ ಮಗ ತಾಯಿಗೇ ‘ಯೆಸ್ ಸರ್’ ಎಂದು ಉತ್ತರಿಸಿದರೆ ಗಾಬರಿಗೊಳ್ಳತಕ್ಕದ್ದಲ್ಲ. ಎಲ್ಲಕ್ಕೂ ಮಿಗಿಲಾಗಿ, ಫೋನಿನಲ್ಲಿ ‘ಊಟ ಆಯ್ತಾ?’ ಎಂದು ಕೇಳಲೇಕೂಡದು. ಕೇಳಿದಿರೋ, ಚಪಾತಿ ಜಗಿಯುತ್ತ ಹೇಗೋ ಮುದ್ದೆ ಬಸ್ಸಾರನ್ನು ಮರೆತಿದ್ದ ಜೀವಕ್ಕೆ ಅದು ಮತ್ತೆ ನೆನಪಾಗಿ, ಮುಂದಿನ ಆರು ದಿನದ ಓಟವೆಲ್ಲ ಕುಂಟುತ್ತದೆ. ಈ ಕಡೆಯ ನಿಯಮವನ್ನು ಉಪದೇಶಿಸುವಾಗ ಆಕೆಯ ಯಜಮಾನರು ಒಳಗಿನಿಂದ ಸಣ್ಣಗೆ ಕೆಮ್ಮುವುದನ್ನು ನಾನು ಎರಡು ಮೂರು ಸಲ ಕೇಳಿದ್ದೇನೆ.

ಆಕೆಯಲ್ಲಿ ಹಿರಿತನದ ಜಂಬ ಕೊಂಚ ಉಂಟೆಂಬುದನ್ನು ಮರೆಮಾಚಲಾರೆ. ಆಕೆಯ ಮಗನ ಕಾಲಕ್ಕೆ ಚಿಲಿಕಾದ ತರಬೇತಿ ಇಪ್ಪತ್ತೆರಡು ವಾರ; ಹೊಸ ಯೋಜನೆಯಡಿ ಸೇರಿದ ಅಗ್ನಿವೀರರ ಮೊದಲ ತಂಡಕ್ಕೆ ಹದಿನಾರು. ಹಿಂದಿನ ಇಂಟರ್‌ಮೀಡಿಯೆಟ್ ಓದಿದವರು ಇಂದಿನ ಪಿಯುಸಿಯವರನ್ನು ಕನ್ನಡಕದ ಮೇಲಿಂದ ನೋಡುವಂತೆ ಆಕೆ ಹೊಸ ತಾಯಂದಿರನ್ನು ನೋಡಿ, ‘ಹದಿನಾರೇ ವಾರವಾ? ನಮ್ಮಲ್ಲಿ ಬಾಣಂತನಾನೇ ಐದು ತಿಂಗಳು ಕಣಮ್ಮ’ ಎನ್ನುವುದುಂಟು.

ಮುಂದೆ ಯಾವ ಹುಡುಗ ಎಲ್ಲಿಗೆ ಹೋಗುವನೆಂಬುದನ್ನು ಆಕೆ ಜ್ಯೋತಿಷಿಯಂತೆ ನುಡಿಯುತ್ತಾರೆ: ವಿದ್ಯುತ್ತಿನ ಕೆಲಸವಾದರೆ ಜಾಮನಗರದ ವಾಲ್ಸುರಾ, ತೋಪುಗಳಾದರೆ ಕೊಚ್ಚಿಯ ದ್ರೋಣಾಚಾರ್ಯ, ಯಂತ್ರವಾದರೆ ಲೋಣಾವಳದ ಶಿವಾಜಿ. ಆಕೆಯ ಮಗನ ಪಾಲಿಗೆ ಬಂದುದು ಶಿವಾಜಿ. ಹಡಗಿನ ಯಂತ್ರವನ್ನು ಕಲಿಸಲು ಸಹ್ಯಾದ್ರಿಯ ನೆತ್ತಿಗೆ ಹತ್ತಿಸುವರೆಂಬುದನ್ನೂ, 1945ರಿಂದ ಆ ‘ಹಡಗು’ ಬೆಟ್ಟದ ಮೇಲೆಯೇ ನಿಂತಿದೆಯೆಂಬುದನ್ನೂ ಕೇಳಿ ಬೇರೆ ಯಾರಾದರೂ ನಗುತ್ತಿದ್ದರು. ಅಷ್ಟು ಹೊತ್ತಿಗೆ ಆಕೆ ನೌಕಾದಳದ ಭೂಗೋಳದಲ್ಲಿ ಸಿದ್ಧಿ ಪಡೆದಿದ್ದರು. ಪ್ರತಿಯೊಬ್ಬ ತಾಯಿಯ ಹರಕೆಯೂ ಕಾರವಾರದ ಐಎನ್‌ಎಸ್ ಕದಂಬಕ್ಕೆ. ಬನವಾಸಿಯ ಅರಸರ ಹೆಸರು ಹೊತ್ತ ಆ ನೆಲೆಯಲ್ಲಿದ್ದರೆ ಮಗ ನಮ್ಮ ಸೀಮೆಯಲ್ಲೇ ಇದ್ದಂತಲ್ಲವೇ? ನೇವಿಯಮ್ಮನವರೂ ಹರಸಿಕೊಂಡಿದ್ದರು, ಮಗನನ್ನು ವಿಶಾಖಪಟ್ಟಣಕ್ಕೆ ಹಾಕಿದರು. ಅಲ್ಲಿಂದ ಅವನು ಮೊದಲ ರಜೆಗೆ ಬಂದಾಗ ಮುಖದ ತುಂಬ ಗಡ್ಡ. ಬೀದಿಯವರು ಇದೇನು ವೈರಾಗ್ಯವೆಂದು ಪಿಸುಗುಟ್ಟುವ ಮೊದಲೇ ಆಕೆ ಮನೆಮನೆಗೂ ಹೋಗಿ, ನೌಕಾದಳದಲ್ಲಿ ಮೇಲಧಿಕಾರಿಯ ಅಪ್ಪಣೆಯಿಲ್ಲದೆ ಗಡ್ಡ ಬಿಡುವಂತಿಲ್ಲವೆಂದೂ, ಆದುದರಿಂದ ಇದು ಸರ್ಕಾರದ ಪರವಾನಗಿ ಪಡೆದ ಗಡ್ಡವೆಂದೂ ತಿಳಿಯಪಡಿಸಿ ಬಂದರು.

ಆಕೆಯ ಜೀವನದ ಮಹಾಯಾತ್ರೆ ನಡೆದುದು 2023ರ ಮಾರ್ಚಿನಲ್ಲಿ. ಅಗ್ನಿವೀರರ ಪ್ರಥಮ ತಂಡ, ಸುಮಾರು 2,600 ಮಂದಿ, ಆ ತಿಂಗಳ 28ರಂದು ಚಿಲಿಕಾದಲ್ಲಿ ನಿರ್ಗಮನ ಪಥಸಂಚಲನ ಮಾಡುವುದಿದ್ದು, ನಮ್ಮ ಬೀದಿಯ ಹುಡುಗರಿಬ್ಬರು ಅದರಲ್ಲಿದ್ದುದರಿಂದ, ಅವರ ತಾಯಂದಿರಿಬ್ಬರನ್ನೂ ಒಂದು ಚೀಲ ಚಕ್ಕುಲಿಯನ್ನೂ ಜತೆಗಿಟ್ಟುಕೊಂಡು ನೇವಿಯಮ್ಮನವರು ಬೆಂಗಳೂರಿನಲ್ಲಿ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದರು. ಸರೋವರವನ್ನು ಕಂಡೊಡನೆ ಆಕೆ ಮಾಡಿದ ಮೊದಲ ಕೆಲಸವೆಂದರೆ ದಂಡೆಗಿಳಿದು ಅಂಗೈಯಲ್ಲಿ ನೀರೆತ್ತಿ ನಾಲಗೆಗೆ ತಾಗಿಸಿದ್ದು. ಹೊಳೆಗಳ ಸಿಹಿನೀರೂ ಕಡಲಿನ ಉಪ್ಪುನೀರೂ ಕೂಡುವ ಜಲರಾಶಿ ಅದು. ಪಂಡಿತರು ಅದನ್ನು ಪುಟಗಟ್ಟಲೆ ವಿವರಿಸಿದ್ದಾರೆ. ಆಕೆ ‘ಉಪ್ಪು ಸಾಲದು’ ಎಂಬ ಎರಡು ಶಬ್ದಗಳಲ್ಲಿ ಮುಗಿಸಿದರು.

ಪಥಸಂಚಲನ ನಡೆದುದು ಸೂರ್ಯಾಸ್ತದ ಬಳಿಕ, ದೀಪಗಳ ಬೆಳಕಿನಲ್ಲಿ. ಬಿಳಿಯ ಉಡುಪು, ಒಂದೇ ಅಳತೆಯ ತಲೆಗೂದಲು, ಒಂದೇ ಬೀಸಿನ ಕೈ. ನಡಿಗೆಯಿಂದ ಮಗನನ್ನು ಗುರುತಿಸಬೇಕೆಂದು ನೇವಿಯಮ್ಮನವರು ದಾರಿಯುದ್ದಕ್ಕೂ ಪಾಠ ಹೇಳಿದ್ದರು. ಹದಿನಾರು ವಾರಗಳಿಂದ ಅಲ್ಲಿ ಅಳಿಸಿಹಾಕಿದ್ದು ಆ ನಡಿಗೆಯನ್ನೇ ಎಂಬುದು ಆಕೆಗೆ ಮರೆತಿತ್ತು. ತಾಯಂದಿರಿಬ್ಬರೂ ಯಾರ ಮಕ್ಕಳಿಗೋ ಆನಂದಬಾಷ್ಪ ಸುರಿಸಿ ಕೈಬೀಸಿದರು. ಎಲ್ಲ ಮುಗಿದು ಮಕ್ಕಳನ್ನು ಕಾಣುವ ಹೊತ್ತಿನಲ್ಲಿ, ತನ್ನೆದುರಿಗೆ ಕಂಬದಂತೆ ಬಂದು ನಿಂತ ಕಪ್ಪನೆಯ ಹುಡುಗನೊಬ್ಬನನ್ನು ಅವರಲ್ಲೊಬ್ಬಳು ಬದಿಗೆ ಸರಿಸಿ, ‘ಸ್ವಲ್ಪ ಪಕ್ಕಕ್ಕೆ ನಿಂತ್ಕಳಪ್ಪ, ನನ್ನ ಮಗ ಕಾಣಿಸ್ತಿಲ್ಲ’ ಎಂದಳಂತೆ. ಅವನು ಪಕ್ಕಕ್ಕೆ ನಿಂತುಕೊಂಡು ‘ಅಮ್ಮಾ’ ಎಂದನಂತೆ. ಇದನ್ನು ಹೇಳುವಾಗ ಮಾತ್ರ ನೇವಿಯಮ್ಮನವರು ನಗಿಸಬೇಕೆಂದು ಹೊರಟು ಅರ್ಧಕ್ಕೇ ನಿಲ್ಲಿಸಿ, ದೀಪ ಹಚ್ಚುವ ಹೊತ್ತಾಯಿತೆಂದು ಎದ್ದುಬಿಡುತ್ತಾರೆ.

ಆ ಜಗಲಿಯಲ್ಲಿ ಉತ್ತರವಿಲ್ಲದ ಪ್ರಶ್ನೆ ಒಂದುಂಟು. 2022ರ ಹೊಸ ಯೋಜನೆಯಂತೆ ಅಗ್ನಿವೀರನಿಗೆ ಸೇವೆ ನಾಲ್ಕು ವರ್ಷ. ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬನನ್ನು. ನೇವಿಯಮ್ಮನವರ ಮಗ ಮೊದಲಿನ ಕ್ರಮದವನು, ಹದಿನೈದು ವರ್ಷದ ಕರಾರಿನವನು. ಮಂಡಿಯಲ್ಲಿ ಕಾಯಿ ಸುಲಿಯುವವನ ಹೆಂಡತಿ ಒಂದು ಸಂಜೆ, ‘ನಾಲ್ಕು ವರ್ಷ ಆದ್ಮೇಲೆ ನನ್ನ ಮಗನ ಗತಿ ಏನಕ್ಕ?’ ಎಂದು ಕೇಳಿದಳು. ಹಲ್ಲಿಗೆ, ಕಿವಿಗೆ, ಅಟ್ಟದ ಕಾಯಿಗೆ, ಎಲ್ಲಕ್ಕೂ ನಾಲಗೆಯ ತುದಿಯಲ್ಲಿಯೇ ಉತ್ತರವಿಟ್ಟುಕೊಂಡವರು, ‘ಇರು, ಕಾಫಿ ತರ್ತೀನಿ’ ಎಂದು ಒಳಗೆ ಹೋದರು. ಎರಡು ಲೋಟ ಕಾಫಿಗೆ ತಗಲುವುದಕ್ಕಿಂತ ಬಹಳ ಹೆಚ್ಚು ಹೊತ್ತು ಆಕೆ ಅಂದು ಗ್ಯಾಲಿಯಲ್ಲಿದ್ದರು. ಹೊರಗೆ ಬಂದವರು ಗ್ಯಾಲಿ ಎನ್ನದೆ, ‘ಅಡಿಗೆಮನೇಲಿ ಹಾಲು ಉಕ್ಕಿಬಿಡ್ತು’ ಎಂದರು.

ಇದನ್ನೋದುವವರಲ್ಲಿ ಯಾರ ಮನೆಯ ಮಗನಿಗಾದರೂ ಮಗಳಿಗಾದರೂ ಚಿಲಿಕಾದಿಂದ ಕರೆ ಬಂದಿದ್ದಲ್ಲಿ ನಿಸ್ಸಂಕೋಚವಾಗಿ ನಮ್ಮ ಬೀದಿಗೆ ಬರಬಹುದು. ಕೊನೆಯ ಮನೆ, ಬಾಗಿಲ ಮೇಲೆ ಲಂಗರಿನ ಚಿತ್ರವಿದೆ. ಬರುವಾಗ ಹುಡುಗನಿಗೆ ಕಿವಿ ತೊಳೆಸಿ ಕರೆತನ್ನಿ, ಸಂಜೆ ಐದರ ಮೇಲೆ ಬನ್ನಿ, ಕಾಫಿ ಬೇಡವೆನ್ನಬೇಡಿ. ಭಾನುವಾರ ಮಾತ್ರ ಬರಬೇಡಿ. ಮಗ ಚಿಲಿಕಾದಲ್ಲಿದ್ದಾಗ ಫೋನು ಮಾಡುತ್ತಿದ್ದುದು ಭಾನುವಾರ. ಅವನು ಈಗ ಯಾವ ದಿನ ಬೇಕಾದರೂ ಮಾಡಬಲ್ಲನಾದರೂ, ಅಂದು ಆಕೆ ಫೋನಿನ ಪಕ್ಕದಿಂದ ಏಳುವುದಿಲ್ಲ.