ರೆಫರಲ್ ರಾಯರು

ಹೈದರಾಬಾದಿನ ಮೂಡಣ ತುದಿಗೆ ಉಪ್ಪಲ್, ಪಡುವಣ ತುದಿಗೆ ನೌಕರಿ. ಕೈಗೆಟುಕುವ ಬಾಡಿಗೆ ಇಲ್ಲಿ, ಸಾಫ್ಟ್‌ವೇರ್ ಕಂಪನಿಗಳು ಅಲ್ಲಿ, ಹೈಟೆಕ್ ಸಿಟಿ–ರಾಯದುರ್ಗಂ ಕಡೆ. ನಡುವೆ ಮೆಟ್ರೋದ ನೀಲಿ ಲೈನು. 2017ರ ನವೆಂಬರಿನಲ್ಲಿ ನಾಗೋಲಿನಿಂದ ಅಮೀರ್‌ಪೇಟೆ ಕಡೆಗೆ ರೈಲು ಓಡತೊಡಗಿತು, 2019ರಲ್ಲಿ ಅದು ರಾಯದುರ್ಗಂ ಮುಟ್ಟಿತು. ಓಡಾಟದ ತಾಪತ್ರಯ ತಪ್ಪಿತು ಎಂದು ಜನ ಹಿಗ್ಗಿದರು. ರೆಫರಲ್ ರಾಯರಿಗೆ ಮಾತ್ರ ಸ್ವಂತದ್ದೊಂದು ಆಫೀಸು ಸಿಕ್ಕಿತು.

ರಾಯರ ನಿಜವಾದ ಹೆಸರು ಬೇರೆ. ಇಂಥವರೊಬ್ಬರು ಪ್ರತಿ ಬಡಾವಣೆಯಲ್ಲೂ ಇರುವುದರಿಂದ ಅದು ಬೇಕಾಗಿಯೂ ಇಲ್ಲ. ರಾಯಚೂರು ಸೀಮೆಯವರು, ಬ್ಯಾಂಕಿನಿಂದ ನಿವೃತ್ತರು, ಮಗ ಸೊಸೆಯ ಜೊತೆ ಉಪ್ಪಲ್ಲಿನಲ್ಲಿ ವಾಸ. ಯಾರಿಗಾದರೂ ನೌಕರಿ ಕೊಡಿಸದೆ ಇವರಿಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲವಂತೆ. ಇದುವರೆಗೆ ಯಾರಿಗೂ ಕೊಡಿಸಿದ ದಾಖಲೆಯಿಲ್ಲ. ಊಟವಂತೂ ಎರಡೂ ಹೊತ್ತು ಚೆನ್ನಾಗಿಯೇ ಸಾಗಿದೆ.

ಬೆಳಗ್ಗೆ ಎಂಟೂವರೆಗೆ, ಮನೆಯಲ್ಲಿ 'ವಾಕಿಂಗ್' ಎಂದು ಹೇಳಿ ಹೊರಟು, ಜನ ಕಿಕ್ಕಿರಿದ ರೈಲನ್ನೇ ಆರಿಸಿ ಹತ್ತುತ್ತಾರೆ. ಫೋನಿನಲ್ಲಿ ನೀವು 'ಹೂಂ, ಊಟ ಆಯ್ತಾ?' ಅಂದರೂ ಸಾಕು, ಸ್ಟೇಡಿಯಂ ಸ್ಟೇಷನ್ ಬರುವಷ್ಟರಲ್ಲಿ ಪಕ್ಕಕ್ಕೆ ಬಂದಿರುತ್ತಾರೆ. "ಕನ್ನಡದವರೇನ್ರಿ? ಯಾವ ಊರು?" ಹಬ್ಸಿಗೂಡದಲ್ಲಿ ನಿಮ್ಮ ಜಿಲ್ಲೆ ಗೊತ್ತಾಗುತ್ತದೆ, ತಾರ್ನಾಕದಲ್ಲಿ ಕಂಪನಿ. ಸಿಕಂದರಾಬಾದ್ ದಾಟುವಾಗ ನಿಮ್ಮ ಮ್ಯಾನೇಜರು, ಅವರ ಮ್ಯಾನೇಜರು. ಪ್ಯಾರಡೈಸ್ ಬಂದಾಗ ಹೊರಗೆ ಬಿರಿಯಾನಿಯ ನೆನಪು, ಒಳಗೆ ರಾಯರ ಪ್ರಶ್ನೆ: "ನಿಮ್ಮಲ್ಲಿ ಓಪನಿಂಗ್ ಅದಾವೇನ್ರಿ? ನಮ್ಮ ಹುಡುಗ ಒಬ್ಬ ಇದ್ದಾನ, ಭಾಳ ಶ್ಯಾಣ್ಯಾ." ಆ ಹುಡುಗ ಯಾರೆಂದು ಕೇಳಿದರೆ ನಿನ್ನೆ ಇದೇ ಬೋಗಿಯಲ್ಲಿ ಸಿಕ್ಕವನು. ಅಮೀರ್‌ಪೇಟೆಯಲ್ಲಿ ಕೋಚಿಂಗ್ ಸೆಂಟರಿನ ಹುಡುಗರು ಇಳಿಯುತ್ತಾರೆ. ಅವರ ಹಿಂದೆಯೇ ರಾಯರೂ.

ಉಪ್ಪಲ್ ಚೌಕದಲ್ಲಿ 2023ರಲ್ಲಿ ತೆರೆದ ಸ್ಕೈವಾಕ್ ಇದೆ. ಹಲವು ದಿಕ್ಕಿಗೆ ಇಳಿಯಲು ಅದಕ್ಕೆ ಮೆಟ್ಟಿಲುಗಳಿವೆ. ರಸ್ತೆ ದಾಟುವ ಜನರ ಸುರಕ್ಷತೆಗಾಗಿ ಕಟ್ಟಿದ್ದೆಂದು ಸರ್ಕಾರ ಹೇಳುತ್ತದೆ. ರಾಯರು ಎದುರಿಗೆ ಬರುತ್ತಿರುವುದು ಕಂಡ ಕೂಡಲೇ ಯಾವ ಮೆಟ್ಟಿಲು ಹಿಡಿಯಬೇಕೆಂದು ಇಲ್ಲಿನ ಕನ್ನಡಿಗರಿಗೆಲ್ಲ ಬಾಯಿಪಾಠ.

ಮನೆಗೆ ಬಂದ ಮೇಲೆ ಎರಡನೇ ಪಾಳಿ, ಲಿಂಕ್ಡ್‌ಇನ್‌ನಲ್ಲಿ. ಸಾವಿರಾರು ಪರಿಚಯಗಳನ್ನು ಕೂಡಿಹಾಕಿದರೂ ಆ ಪುಟ '500+' ಎಂದಷ್ಟೇ ತೋರಿಸುತ್ತದೆಂಬುದು ರಾಯರ ದೊಡ್ಡ ಕೊರಗು. "ಉಳಿದವರು ಏನು ಮನುಷ್ಯರಲ್ಲೇನ್ರಿ?" ಯಾರ ಪೋಸ್ಟ್ ಕಂಡರೂ ಓದುವ ಮೊದಲೇ 'ಕಂಗ್ರಾಟ್ಸ್' ಒತ್ತುತ್ತಾರೆ. ಕೆಲಸದಿಂದ ತೆಗೆದರೆಂದು ಒಬ್ಬಾತ ಎದೆ ತೋಡಿಕೊಂಡು ಬರೆದಿದ್ದಕ್ಕೆ ರಾಯರು 'ಕಂಗ್ರಾಟ್ಸ್ ಸರ್, ವೆಲ್ ಡಿಸರ್ವ್ಡ್' ಎಂದು ಹಾಕಿದ್ದರು. ಆತ ತಿರುಗಿ ಬೈದ. ರಾಯರು ಅದಕ್ಕೂ ಲೈಕ್ ಕೊಟ್ಟು ರೆಜ್ಯೂಮ್ ಕೇಳಿದರು.

ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮವೆಂದರೆ ಇವರಿಗೆ ಹಬ್ಬ. ಭಾಷಣ ಯಾರದೆಂದು ಇವರು ನೋಡುವುದಿಲ್ಲ, ಹಿಂದಿನ ಸಾಲಿನಲ್ಲಿ ಯಾರು ಕೂತಿದ್ದಾರೆಂದು ನೋಡುತ್ತಾರೆ. ಇದೆಲ್ಲ ಯಾಕೆ ಎಂದು ಯಾರಾದರೂ ಕೆಣಕಿದರೆ ಇತಿಹಾಸವನ್ನೇ ಸಾಕ್ಷಿಗೆ ಕರೆಯುತ್ತಾರೆ. "ಮಿರ್ಜಾ ಇಸ್ಮಾಯಿಲ್ ಸಾಹೇಬರು ಯಾರು? ಮೈಸೂರು ಮಹಾರಾಜರ ಕ್ಲಾಸ್‌ಮೇಟು. 1926ರಾಗ ಅಲ್ಲಿ ದಿವಾನರಾದ್ರು, ಆಮ್ಯಾಲೆ ಜೈಪುರ, 1946ರಾಗ ನಮ್ಮ ಹೈದರಾಬಾದು. ಮೂರೂ ಕಡೆ ಅವರು ಅಪ್ಲಿಕೇಶನ್ ಹಾಕಿದ್ದರೇನು?" ಮಿರ್ಜಾರಿಗೆ ಕೆಲಸವೂ ಬರುತ್ತಿತ್ತಲ್ಲ ಎಂದರೆ ರಾಯರಿಗೆ ಮುಂದಿನ ಸ್ಟೇಷನ್ನಿನಲ್ಲೇ ಇಳಿಯುವುದಿರುತ್ತದೆ.

ಒಂದು ಮಾತು ಅವರ ಪರವಾಗಿ ಹೇಳಲೇಬೇಕು: ಒಂದು ರೂಪಾಯಿ ಮುಟ್ಟುವವರಲ್ಲ. ಹಿತ್ತಿಲ ಬಾಗಿಲಿಂದ ಕೆಲಸ ಕೊಡಿಸುತ್ತೇವೆಂದು ಲಕ್ಷಗಟ್ಟಲೆ ಸುಲಿದು ಬೋರ್ಡು ಕಿತ್ತುಕೊಂಡು ಹೋಗುವವರು ಈ ಊರಲ್ಲಿ ಆಗಾಗ ಪತ್ರಿಕೆಯ ಸುದ್ದಿಯಾಗುತ್ತಾರೆ. ಅಂಥ ಕಡೆ ದುಡ್ಡು ಕಟ್ಟಲು ಹೊರಟವನೊಬ್ಬನನ್ನು ರಾಯರು ರಟ್ಟೆ ಹಿಡಿದು ಮನೆಗೆ ಕರೆತಂದು ಊಟ ಹಾಕಿಸಿದ್ದುಂಟು. ಕೆಲಸ ಕೊಡಿಸಲಿಲ್ಲ, ಅದು ಬಿಡಿ.

ಅವರ ಹುಚ್ಚಿಗೆ ಶಾಸ್ತ್ರದ ಆಧಾರವೂ ಇದೆ ಎಂಬುದು ನನಗೆ ಸ್ವಲ್ಪ ಕಸಿವಿಸಿಯ ಸಂಗತಿ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿ ಒಂದು ಲೇಖನ ಬರೆದ. ಪರಿಚಿತರ ಮೂಲಕ ಕೆಲಸ ಹಿಡಿದವರನ್ನು ವಿಚಾರಿಸಿ ನೋಡಿದರೆ, ಆ ಪರಿಚಿತರನ್ನು ಪದೇ ಪದೇ ಕಾಣುತ್ತಿದ್ದವರು ಶೇ. 16.7 ಮಾತ್ರ, ಮಿಕ್ಕವರೆಲ್ಲ ಆಗೊಮ್ಮೆ ಈಗೊಮ್ಮೆ ಕಂಡವರು. ಆಪ್ತ ಗೆಳೆಯನಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದ ಪರಿಚಯದಿಂದ. 2022ರಲ್ಲಿ ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲೆ ನಡೆದ ಅಧ್ಯಯನವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ರಾಯರು ಇದನ್ನು ಓದಿದವರಲ್ಲ. ಓದಿದ್ದರೆ ಉಪ್ಪಲ್ ಖಾಲಿಯಾಗುತ್ತಿತ್ತು.

ಹೋದ ಮಳೆಗಾಲದಲ್ಲಿ ನಡೆದದ್ದು ಕೇಳಿ. ಬೀದರಿನ ಹುಡುಗನೊಬ್ಬ ಟೆಸ್ಟಿಂಗ್ ಕೆಲಸ ಹುಡುಕುತ್ತಿದ್ದ. ರೈಲಿನಲ್ಲಿ ರಾಯರನ್ನು ಕಂಡವನೇ ಹಬ್ಸಿಗೂಡದಲ್ಲಿ ಹಾರಿ ಇಳಿದು ಕಂಬದ ಮರೆಗೆ ನಿಂತ. ಅಲ್ಲಿ ಆಗಲೇ ಒಬ್ಬ ಹೆಂಗಸು ನಿಂತಿದ್ದರು, ದಾವಣಗೆರೆಯವರು, ರಾಯದುರ್ಗಂ ಕಂಪನಿಯೊಂದರಲ್ಲಿ ಟೀಂ ಲೀಡ್. ಅವನ ಮುಖ ನೋಡಿ ಅವರಿಗೆ ಅರ್ಥವಾಯಿತು. "ನಿಮಗೂ ರಾಯರಾ?" "ಹೌದ್ರಿ ಮೇಡಂ." ಮುಂದಿನ ರೈಲು ಬರುವವರೆಗೆ ಇಬ್ಬರೂ ಮನಸಾರೆ ರಾಯರನ್ನು ಆಡಿಕೊಂಡರು, ಬಂದ ಮೇಲೆ ಅದರಲ್ಲೇ ನಿಂತು ಕೆಲಸದ ಮಾತಿಗಿಳಿದರು. ಹುಡುಗ ಸರಿಯಾಗಿ ಉತ್ತರ ಕೊಟ್ಟ. ರೆಜ್ಯೂಮ್ ಕಳಿಸು ಎಂದು ನಂಬರು ಕೊಡಲು ಫೋನು ತೆಗೆದು ಹೆಸರು ಹುಡುಕಿದರೆ, ಅವನ ರೆಜ್ಯೂಮ್ ರಾಯರಿಂದ ಆಗಲೇ ಮೂರು ಸಲ ಬಂದು ಬಿದ್ದಿತ್ತು. ಒಮ್ಮೆಯೂ ತೆರೆದಿರಲಿಲ್ಲ. ಅವತ್ತು ತೆರೆದರು, ಕಂಪನಿಯ ಪೋರ್ಟಲಿನಲ್ಲಿ ಹಾಕಿದರು. ಮೂರು ಸುತ್ತಿನ ಸಂದರ್ಶನ ಮುಗಿಸಿ ಹುಡುಗ ಕೆಲಸಕ್ಕೆ ಸೇರಿದ. ರೆಫರಲ್ ಬೋನಸ್ ಮೇಡಂಗೆ.

ಪೇಢೆ ಹಿಡಿದು ಬಂದ ಹುಡುಗನಿಗೆ ರಾಯರು ಹೇಳಿದ್ದು ಇಷ್ಟೇ: "ನಾ ಹೇಳಿರಲಿಲ್ಲೇನು? ಇನ್ನ ನಿಮ್ಮಲ್ಲಿ ಓಪನಿಂಗ್ ಅದಾವೇನು ನೋಡು."

ನಿಮ್ಮ ಮನೆಯಲ್ಲೂ ಕೆಲಸ ಹುಡುಕುವವರಿದ್ದರೆ ರಾಯರಿಗೆ ರೆಜ್ಯೂಮ್ ಕಳಿಸಿ, ನಷ್ಟವೇನಿಲ್ಲ. ಪಿಡಿಎಫ್ ಮಾಡಿಯೇ ಕಳಿಸಿ. ವರ್ಡ್ ಫೈಲು ಅವರ ಫೋನಿನಲ್ಲಿ ತೆರೆಯುವುದಿಲ್ಲ.